ಗಂಗವ್ವ ಮೇಲೆ ಬಂದ ವರ್ಷ

ಬಾಣಂತಿಯ ಕೋಣೆಯಿಂದ ಇಂಗಿನ ವಾಸನೆ ಬಂತು. ವಿಜಾಪುರದ ಜಲನಗರದ ಈ ಮನೆಯಲ್ಲಿ ಈಗ ಎಲ್ಲಿ ನೋಡಿದರೂ ಕೂಸಿನ ಪೌಡರಿನದೇ ವಾಸನೆ. ಅದರ ನಡುವೆ ಬೆಲ್ಲದಲ್ಲಿ ಕಲಸಿದ ಇಂಗು ಗಪ್ಪನೆ ಮೂಗಿಗೆ ಬಡಿಯಿತು. ನನ್ನ ಮಗಳು ಗಂಗಾ, ತನ್ನ ಮಗಳು ಅಶ್ವಿನಿಗೆ ಸಣ್ಣ ಉಂಡೆ ಮಾಡಿ ತಿನ್ನಿಸುತ್ತಿದ್ದಳು. ಅಶ್ವಿನಿಯ ಮಗ್ಗುಲಲ್ಲಿ ಅರಳೆಯ ಉಂಡೆಯಂಥ ಹೆಣ್ಣು ಕೂಸು. ನಾನು ಮುತ್ತಜ್ಜಿಯಾಗಿದ್ದೇನೆ ನೋಡಿರಿ! ಓಣಿಯಲ್ಲಿ ಹೋಗುವ ಆಟೋಗಳನ್ನು ನಿಲ್ಲಿಸಿ ಹೇಳಬೇಕು ಅನ್ನಿಸುತ್ತದೆ. ನಿನ್ನೆ ಕಾಯಿಪಲ್ಲೆ ಮಾರುವವನಿಗೆ ಹೇಳಿ, ಅವನ ಕೈಗೆ ಸಕ್ಕರೆ ಹಾಕಿದೆ. ಅವನು ಹೋದ ವಾರವೂ ಅದೇ ಸುದ್ದಿ ಕೇಳಿ ಅದೇ ಸಕ್ಕರೆ ತಿಂದಿದ್ದನಂತೆ. ಇರಲಿ, ಸಂತೋಷ ಎರಡು ಸಲ ಹೇಳಿದರೆ ಹಳಸುತ್ತದೆಯೇ?

"ಇದನ್ನ ತಿನ್ನಾಕ ಆಗಂಗಿಲ್ಲ ಆಯಿ," ಎಂದು ಅಶ್ವಿನಿ ಮುಖ ಕಿವುಚಿದಳು. ಡಾಕ್ಟರಾದರೇನು, ಬಾಣಂತಿ ಬಾಣಂತಿಯೇ.

"ಸುಮ್ನ ನುಂಗ ಯವ್ವಾ. ಇದ ಇಂಗ ನಿಮ್ಮ ಮುತ್ಯಾ ಒಂದ ಬ್ಯಾಸಗಿ ಪೂರ್ತಿ ನುಂಗ್ಯಾನ," ಎಂದೆ ನಾನು. ಮುತ್ಯಾ ಎಂದರೆ ಅವಳ ಅಜ್ಜ, ನಮ್ಮ ಮನೆಯವರು.

"ಮುತ್ಯಾ ಏನ ಬಾಣಂತಿ ಆಗಿದ್ನೇನ?"

ಗಂಗಾ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. "ಅಂವಗ ನಾರ ಹೊರಬಿದ್ದಿತ್ತವ್ವ, ನಾರುಹುಣ್ಣ," ಎಂದೆ. ಅಶ್ವಿನಿಯ ನಗು ನಿಂತಿತು. ಅವಳು ನನ್ನನ್ನು ನೋಡಿದ ರೀತಿಗೆ, ಆ ವರ್ಷದ ಬಿಸಿಲು ಮತ್ತೆ ನನ್ನ ಬೆನ್ನ ಮೇಲೆ ಬಿದ್ದಂತಾಯಿತು. ನಾನು ಓದಿದ್ದು ನಾಲ್ಕನೆಯ ಇಯತ್ತೆ. ನನ್ನ ಅಕ್ಷರಗಳು ಎಮ್ಮೆ ನಡೆದಂತೆ ಸಾಲು ಬಿಟ್ಟು ಹೋಗುತ್ತವೆ. ಆದರೂ ಅವಳಿಗೆ ಹೇಳಿದ್ದನ್ನೇ ಬರೆಯುತ್ತೇನೆ, ಏಕೆಂದರೆ ಈ ಸಂತೋಷ ಎಲ್ಲಿಂದ ಹೊರಟು ಬಂತು ಎಂಬುದನ್ನು ಬಲ್ಲವರು ಈಗ ಮನೆಯಲ್ಲಿ ನಾನೊಬ್ಬಳೇ.

ಎಪ್ಪತ್ತೆರಡರ ದೊಡ್ಡ ಬರಗಾಲ ಕಳೆದ ಮೇಲಿನ ಮಾತು ಇದು. ನನ್ನ ತವರು ಇಟ್ಟಂಗಿಹಾಳ. ಕೊಟ್ಟ ಮನೆ ಟಿಕೋಟಾಕ್ಕೂ ಬಬಲೇಶ್ವರಕ್ಕೂ ನಡುವಿನ ಒಂದು ಸಣ್ಣ ಊರು. ಆ ಊರಿಗೆ ಕುಡಿಯುವ ನೀರಿನ ಬಾವಿ ಒಂದೇ, ಅದೂ ಮೆಟ್ಟಿಲ ಬಾವಿ. ಕರಿಕಲ್ಲಿನ ಅಗಲವಾದ ಮೆಟ್ಟಿಲುಗಳು ನೀರಿನೊಳಗೆ ಇಳಿದು ಕಾಣದಾಗುತ್ತಿದ್ದವು. ಹೆಂಗಸರು ಕೊಡ ಹಿಡಿದು ಇಳಿದು, ಮೊಣಕಾಲ ತನಕ ನೀರಿನಲ್ಲಿ ನಿಂತು, ಕೊಡವನ್ನು ಬಾಗಿಸಿ ತುಂಬಿಕೊಂಡು ಬರುತ್ತಿದ್ದೆವು. ಉರಿಬಿಸಿಲಿನಲ್ಲಿ ಆ ತಣ್ಣಗಿನ ನೀರಿನಲ್ಲಿ ನಿಂತರೆ ಮೇಲೆ ಬರಲು ಮನಸ್ಸೇ ಆಗುತ್ತಿರಲಿಲ್ಲ. ನಮ್ಮ ಸುಖದುಃಖದ ಮಾತೆಲ್ಲ ಆ ಮೆಟ್ಟಿಲುಗಳ ಮೇಲೆಯೇ.

ಅದೇ ಊರಿನಲ್ಲಿ ಬೇಸಿಗೆ ಬಂತೆಂದರೆ ನಾರು ಹೊರಬೀಳುತ್ತಿತ್ತು. ತಿಳಿಯದವರಿಗೆ ಹೇಳುತ್ತೇನೆ: ನಾರು ಎಂದರೆ ಬಿಳಿ ದಾರದಂಥ ಹುಳು, ಒಂದೆರಡು ಮೊಳ ಉದ್ದದ್ದು. ಮೈಯೊಳಗೇ ಬೆಳೆದು, ಕಾಲಿನಲ್ಲಿ ಗುಳ್ಳೆ ಎಬ್ಬಿಸಿ, ಆ ಗುಳ್ಳೆ ಒಡೆದು ತಲೆ ಹೊರಗೆ ಹಾಕುತ್ತದೆ. ಎಳೆದರೆ ಹರಿಯುತ್ತದೆ, ಹರಿದರೆ ಕಾಲು ಬಾತು ಕೀವಾಗುತ್ತದೆ. ಅದಕ್ಕೇ ಸಣ್ಣ ಕಡ್ಡಿಗೆ ಸುತ್ತಿಟ್ಟು, ದಿನಕ್ಕಿಷ್ಟು ದಿನಕ್ಕಿಷ್ಟು ಸುತ್ತುತ್ತ ಕೂಡಬೇಕು. ಆ ಕಾಲು ಕೆಂಡ ಕಟ್ಟಿದ ಹಾಗೆ ಉರಿಯುತ್ತದೆ. ಉರಿಗೆ ನಮ್ಮೂರಿನವರಿಗೆ ಗೊತ್ತಿದ್ದ ಮದ್ದು ಒಂದೇ: ಬಾವಿಯ ಮೆಟ್ಟಿಲ ಮೇಲೆ ಕೂತು ಕಾಲನ್ನು ನೀರಿಗಿಡುವುದು. "ಗಂಗವ್ವಗ ಕಾಲ ಕೊಡು, ಉರಿ ಆಕಿ ತಗೋತಾಳ," ಎನ್ನುತ್ತಿದ್ದರು ಹಿರಿಯರು. ನೀರಿಗಿಟ್ಟರೆ ನಿಜವಾಗಿಯೂ ಉರಿ ಇಳಿಯುತ್ತಿತ್ತು. ಅದೇ ನೀರನ್ನು ಮೇಲಿನ ಮೆಟ್ಟಿಲಲ್ಲಿ ನಾವು ತುಂಬಿಕೊಳ್ಳುತ್ತಿದ್ದೆವು.

ನಾನು ಮೊದಲ ಸಲ ಬಸಿರಿಯಾದ ಆ ಬೇಸಿಗೆಯಲ್ಲಿ ನಮ್ಮ ಮನೆಯವರ ಹಿಮ್ಮಡಿಯಲ್ಲಿ ನಾರು ಬಂತು. ಇಂಗು ನುಂಗಿದರು, ಸುಟ್ಟ ಉಳ್ಳಾಗಡ್ಡಿ ಕಟ್ಟಿದರು. ಒಂದು ದಿನ ಹೋರಿ ಹಗ್ಗ ಜಗ್ಗಿದಾಗ ಕಡ್ಡಿ ಸಿಕ್ಕಿ ನಾರು ಹರಿಯಿತು. ಮರುದಿನಕ್ಕೆ ಕಾಲು ಕುಂಬಳಕಾಯಿ. ಎತ್ತುಗಳು ಕೆಲಸವಿಲ್ಲದೆ ಗೋದಲಿಯಲ್ಲಿ, ಅವರು ಹಗ್ಗದ ಹೊರಸಿನ ಮೇಲೆ. "ಹುಟ್ಟೂ ಕೂಸಿಗೂ ಇದ ಬರೂದನ?" ಎಂದು ಅವರು ಒಂದು ದಿನ ಗೋಡೆಯ ಕಡೆ ಮುಖ ಮಾಡಿ ಕೇಳಿದರು. ಅವತ್ತಿನಿಂದ ಆ ಮಾತು ನನ್ನ ಹೊಟ್ಟೆಯಲ್ಲಿ ಕೂಸಿನ ಜೊತೆಗೇ ಬೆಳೆಯಿತು.

ಊರ ಪಂಚಾಯತಿಯ ಚೇರಮನ್ನರು ಮಲ್ಲನಗೌಡರು. ದೊಡ್ಡ ಮೀಸೆ, ದೊಡ್ಡ ದನಿ, ಹಳೇ ಸೈಕಲ್ಲು. ಟಿಕೋಟಾ ದವಾಖಾನೆಯ ಆರೋಗ್ಯ ಇನ್ಸ್‌ಪೆಕ್ಟರರು ಅವರ ಬೆನ್ನು ಹತ್ತಿ ಹತ್ತಿ, ಕೊನೆಗೆ ಚಾವಡಿಯಲ್ಲಿ ಊರು ಕೂಡಿಸಿದರು. ಇನ್ಸ್‌ಪೆಕ್ಟರರು ಬಾವಿಯ ನೀರನ್ನು ಗಾಜಿನ ಗ್ಲಾಸಿನಲ್ಲಿ ಹಿಡಿದು ಬಿಸಿಲಿಗೆ ಎತ್ತಿದರು. ಅದರೊಳಗೆ ರವೆಗಿಂತ ಸಣ್ಣ ಹುಳುಗಳು ಟಣ್ ಟಣ್ ಎಂದು ಜಿಗಿಯುತ್ತಿದ್ದವು.

"ನಾರಿದ್ದವ್ರ ಕಾಲ ನೀರಿಗಿಟ್ರ ಅದರ ಮರಿ ನೀರಾಗ ಬೀಳತಾವ. ಈ ಹುಳಾ ಅವನ್ನ ತಿಂತಾವ. ಈ ಹುಳಾನ ನೀವ ಕುಡೀತೀರಿ," ಎಂದರು ಅವರು.

ಗಾಣದ ಸಂಗಪ್ಪ ಎದ್ದು ನಿಂತು ಕೈ ಮುಗಿದ. "ಯಪ್ಪಾ! ಇಷ್ಟ ದಿನಾ ನಾವ ಲಿಂಗಾ ಕಟ್ಟಿದವ್ರು, ಶರಣರು ಅಂತ ತಿಳಕೊಂಡಿದ್ವಿ. ದಿನಾ ಮುಂಜೇಲೆ ಖಂಡ ಕುಡಿಯಾಕತ್ತೀವಲ್ಲೋ!" ಚಾವಡಿ ತುಂಬ ನಗೆ. ಆದರೆ ಆ ದಿನ ಮನೆಗೆ ಹೋಗಿ ಯಾರೂ ನೀರನ್ನು ಸುಮ್ಮನೆ ಕುಡಿಯಲಿಲ್ಲ.

ಮದ್ದು ಸರಳವಾಗಿತ್ತು: ಮೆಟ್ಟಿಲು ಮುಚ್ಚಿ ಸುತ್ತ ಗೋಡೆ ಕಟ್ಟುವುದು, ಮೇಲಿಂದ ಗಡಗಡಿ ಹಾಕಿ ಹಗ್ಗದಿಂದ ನೀರು ಸೇದುವುದು. ಯಾರ ಕಾಲೂ ನೀರಿಗೆ ಮುಟ್ಟಬಾರದು. ಸರಳವಾದದ್ದೇ ಕಠಿಣ ನೋಡಿರಿ. ನಮ್ಮ ಅತ್ತೆ ಹೆಂಗಸರ ನಡುವಿನಿಂದ ಎದ್ದರು. ಆಕೆ ಎದ್ದರೆ ಗಂಡಸರೂ ಬೀಡಿ ಆರಿಸುತ್ತಿದ್ದರು.

"ಮಲ್ಲನಗೌಡ, ಮೆಟ್ಟಲಾ ಮುಚ್ಚಿದ್ರ ಗಂಗಿಪೂಜಿ ಹ್ಯಾಂಗ ಮಾಡೂದೋ? ನನ್ನ ಸೊಸಿ ಬಸರದಾಳ."

ಆ ಊರಿನ ಪದ್ಧತಿ ಹಾಗಿತ್ತು. ಬಾಣಂತಿ ಕೂಸನ್ನೆತ್ತಿಕೊಂಡು ಗಂಡನ ಊರಿಗೆ ಬಂದ ಮೇಲೆ ಬಾವಿಗೆ ಇಳಿದು, ಪಾದ ನೀರಿನಲ್ಲಿಟ್ಟು, ಗಂಗವ್ವನಿಗೆ ಅರಿಸಿನ ಕುಂಕುಮ ಏರಿಸಿ, ಮೊದಲ ಕೊಡ ತುಂಬಬೇಕು. ಅದಾಗುವ ತನಕ ಆಕೆ ನೀರಿನ ಕೊಡ ಮುಟ್ಟುವಂತಿಲ್ಲ.

"ಅದನ್ನ ಆಮ್ಯಾಲ ನೋಡೂಣು ಎಕ್ಕಾ," ಎಂದು ಗೌಡರು ಮಾತು ಹಾರಿಸಿದರು. ಆಮೇಲೆ ಎಲ್ಲರ ಕಡೆ ತಿರುಗಿ ತೊಡೆ ತಟ್ಟಿದರು. "ಈಗ ಗ್ವಾಡಿ ಕಟ್ರಿ. ಮುಂದಿನ ಬ್ಯಾಸಗಿಗೆ ಈ ಊರಾಗ ಒಂದ ನಾರೂ ಹೊರಬೀಳಂಗಿಲ್ಲ. ಇದು ಮಲ್ಲನಗೌಡನ ಮಾತ!" ಇನ್ಸ್‌ಪೆಕ್ಟರರು ಏನೋ ಹೇಳಲು ಬಾಯಿ ತೆರೆದರು. ಗೌಡರು ಅವರ ಹೆಗಲ ಮೇಲೆ ಕೈಹಾಕಿ ಹೊರಗೆ ಕರೆದುಕೊಂಡು ಹೋದರು. ಆ ಕೈ ಯಾಕೆ ಹೆಗಲ ಮೇಲೆ ಬಿತ್ತು ಎಂಬುದು ನಮಗೆ ತಿಳಿದದ್ದು ಮುಂದಿನ ವರ್ಷ.

ಒಂದು ಊರು ಒಂದೇ ಕೆಲಸಕ್ಕೆ ಹಾಗೆ ಕೂಡಿದ್ದನ್ನು ನಾನು ಮತ್ತೆ ನೋಡಿಲ್ಲ. ವಿಜಾಪುರದ ತಾಲೂಕಾ ಬೋರ್ಡಿನ ಕಚೇರಿಗೆ ಗೌಡರು ಸೈಕಲ್ ತುಳಿದು ತುಳಿದು ಸಿಮೆಂಟು ತಂದರು. ಬೋರ್ಡಿನವರು ಸಿಮೆಂಟಿನ ಜೊತೆ ಒಂದು ಷರತ್ತನ್ನೂ ಕಳಿಸಿದ್ದರು: ಗಡಗಡಿ ಊರಿಗೆಲ್ಲ ಒಂದೇ, ಊರಾಚೆಯ ಕೇರಿಯವರೂ ಅದರಿಂದಲೇ ಸೇದಬೇಕು. ಅದುವರೆಗೆ ಅವರು ಹಳ್ಳದ ಒರತೆ ತೋಡಿಕೊಳ್ಳುತ್ತಿದ್ದರು. ಅದಕ್ಕೆ ಮುಖ ಗಂಟು ಹಾಕಿದವರೂ ಇದ್ದರು. ಕಮತದವರು ಬಂಡಿಯಲ್ಲಿ ಕಲ್ಲು, ಹಳ್ಳದ ಉಸುಕು ಹೊತ್ತರು. ಸಾಲಿ ಮಾಸ್ತರರು ಮಕ್ಕಳಿಗೆ ಅರಿವೆಯನ್ನು ಎರಡು ಪದರು ಮಾಡಿ ನೀರು ಸೋಸುವುದನ್ನು ಕಲಿಸಿದರು. ವಿಜಾಪುರದ ಗಾಂಧಿ ಚೌಕದ ಅರಿವೆ ಅಂಗಡಿಯವರೊಬ್ಬರು ದಟ್ಟ ಅರಿವೆಯ ತುಂಡುಗಳನ್ನು ಕೊಟ್ಟರು. ಮಠದ ಅಜ್ಜಾರು ಪ್ರಸಾದದ ಹೊತ್ತಿಗೆ, ಮಸೀದಿಯ ಮುಲ್ಲಾಸಾಬರು ಶುಕ್ರವಾರದ ನಮಾಜಿನ ಮೇಲೆ, ಒಂದೇ ಮಾತು ಹೇಳಿದರು: ಸೋಸಿ ಕುಡಿಯಿರಿ, ಕಾಲು ನೀರಿಗಿಡಬೇಡಿರಿ.

ಗೋಡೆ ಕಟ್ಟಿದವರು ಗೌಂಡಿ ಇಮಾಮಸಾಬರು. ಟಿಕೋಟಾದಿಂದ ದಿನಾ ನಡೆದು ಬರುತ್ತಿದ್ದರು. ಮಾತು ಕಡಿಮೆ, ಆಡಿದರೆ ಚುಚ್ಚುಮಾತು. ನೀರು ಸೇದುವ ಕಟ್ಟೆಯನ್ನು ಹೊರಮುಖವಾಗಿ ಇಳಿಜಾರು ಮಾಡಿ, ಚೆಲ್ಲಿದ ನೀರು ಬಾವಿಗೆ ಮರಳದೆ ಬೇವಿನ ಮರದ ಬುಡಕ್ಕೆ ಹೋಗುವಂತೆ ಕಲ್ಲಿನ ಕಾಲುವೆ ಕೊರೆದರು. ಇನ್ಸ್‌ಪೆಕ್ಟರರು ಅದನ್ನು ಬಿಡದೆ ಮಾಡಿಸಿದರು.

"ಹೆಂಗೈತ್ರಿ ಇಮಾಮಸಾಬ, ಗಟ್ಟಿ ಐತೇನು?" ಎಂದು ಗೌಡರು ಕೇಳಿದರು.

"ಗ್ವಾಡಿ ಗಟ್ಟಿ ಐತ್ರಿ ಗೌಡ್ರ. ನಿಮ್ಮ ಊರವ್ರ ಮನಸ ಎಷ್ಟ ಗಟ್ಟಿ ಅದಾವು ನನಗ ಗೊತ್ತಿಲ್ಲ."

ಮೊದಲ ಮಳೆ ಬೀಳುವ ಮೊದಲು ಮೆಟ್ಟಿಲುಗಳು ಕಣ್ಮರೆಯಾದವು. ನಮ್ಮ ಅತ್ತೆ ಗಡಗಡಿ ಜಗ್ಗುವಾಗಲೆಲ್ಲ ಬೈದುಕೊಳ್ಳುತ್ತಿದ್ದರು: "ಗಂಗವ್ವನ ಮನಿ ಬಾಗಲಾ ಹಾಕಿ, ಹಿತ್ತಲದಿಂದ ಕದ್ದ ನೀರ ಒಯ್ದಂಗಾಗೈತಿ."

ಹೆರಿಗೆಗೆ ತವರಿಗೆ ಹೋದೆ. ಹೆಣ್ಣು ಹುಟ್ಟಿತು. ಗಂಗಾ ಎಂದು ಹೆಸರಿಟ್ಟವರು ಅತ್ತೆಯೇ. ಕೂಸನ್ನೆತ್ತಿಕೊಂಡು ಗಂಡನ ಮನೆಗೆ ಬರುವಾಗ ಹೋಳಿ ಹುಣ್ಣಿಮೆ ಮುಗಿದಿತ್ತು, ಬಿಳಿಜೋಳದ ಕಣ ಬರಿದಾಗಿತ್ತು, ಬಿಸಿಲು ಹಲ್ಲು ತೋರಿಸಲು ಶುರು ಮಾಡಿತ್ತು. ನಾನು ಕೊಡ ಎತ್ತಿದರೆ ಅತ್ತೆ ಕೈಯಿಂದ ಕಸಿದುಕೊಂಡರು.

"ಗಂಗಿಪೂಜಿ ಆಗಿಲ್ಲ, ಮುಟ್ಟಬ್ಯಾಡ."

"ಮತ್ತ ಮಾಡೂಣಲ್ರಿ ಅತ್ತಿ."

"ಮೆಟ್ಟಲಾ ಇಲ್ಲದ ಬಾವಿಗೆ ಎಂಥಾ ಪೂಜಿ ಬೇ? ಗ್ವಾಡಿಗೆ ಕುಂಕಮಾ ಹಚ್ಚತಿ ಏನ?"

ಹೀಗಾಗಿ ಆ ವಯಸ್ಸಿನಲ್ಲಿ ಆಕೆಯೇ ನೀರು ಹೊರುವುದು, ನಾನು ಹೊಸ್ತಿಲಲ್ಲಿ ಕೂತು ನೋಡುವುದು. ಆಕೆಗೆ ಬೆನ್ನು ನೋವು, ನನಗೆ ಮನಸ್ಸಿನ ನೋವು. ಆದರೆ ದಿನಾ ಎಣ್ಣೆ ಹಚ್ಚುವಾಗ ನಾನು ಗಂಗಾಳ ಅಂಗಾಲುಗಳನ್ನು ತಿರುವಿ ತಿರುವಿ ನೋಡುತ್ತಿದ್ದೆ. ಗುಲಾಬಿ ಬಣ್ಣದ, ಒಂದು ಗೆರೆಯೂ ಇಲ್ಲದ ಪಾದ. ಅವುಗಳನ್ನು ನೋಡಿದರೆ ಗೋಡೆಯ ಮೇಲೆ ನನಗೆ ಪ್ರೀತಿಯೇ ಬರುತ್ತಿತ್ತು.

ಯುಗಾದಿ ಮುಗಿದ ವಾರದಲ್ಲೇ ಸುದ್ದಿ ಬಂತು: ಗಾಣದ ಸಂಗಪ್ಪನಿಗೆ ನಾರು ಹೊರಬಿದ್ದಿದೆ. ಆಮೇಲೆ ಅವನ ಹಿರಿ ಮಗನಿಗೆ. ಆಮೇಲೆ ಬಡಿಗೇರ ಮನೆಯಲ್ಲಿ, ಕುರುಬರ ಓಣಿಯಲ್ಲಿ. ಹಿಂದಿನ ವರ್ಷ ಚಾವಡಿಯಲ್ಲಿ ನಗಿಸಿದ್ದ ಸಂಗಪ್ಪನ ಮುಖದಲ್ಲಿ ಈಗ ನಗೆಯ ಸುಳಿವಿಲ್ಲ. ಕೋಲು ಊರಿಕೊಂಡು ಓಣಿ ಓಣಿ ತಿರುಗಿದ. "ಒಂದ ನಾರೂ ಬರಂಗಿಲ್ಲ ಅಂದಿದ್ನಲ್ಲ ಗೌಡ? ಗಂಗವ್ವನ ಮುಚ್ಚಿಟ್ಟೀರಿ, ಆಕಿ ಸಿಟ್ಟ ನಮ್ಮ ಕಾಲಾಗ ಬಂದೈತಿ!" ಉರಿಯುವ ಕಾಲನ್ನು ತಣಿಸಲು ಮೆಟ್ಟಿಲೂ ಇಲ್ಲ; ಸೇದಿದ ನೀರು ಸುರಿದುಕೊಂಡರೆ ಅದು ಗಂಗವ್ವನಿಗೆ ಕಾಲು ಕೊಟ್ಟಂತಾಗದು ಎಂಬ ನಂಬಿಕೆ. ಆ ಉರಿಯೆಲ್ಲ ಬಾಯಿಗೆ ಬಂತು. ಗಡಗಡಿಗೆ ಕೇರಿಯವರು ಕೈ ಹಚ್ಚಿದ್ದಕ್ಕೇ ಹೀಗಾಯಿತು ಎಂದು ಗೊಣಗಿದವರೂ ಹುಟ್ಟಿಕೊಂಡರು. ಗೌಡರು ಮನೆ ಬಿಟ್ಟು ಹೊರಗೆ ಬರುವುದು ಕಡಿಮೆಯಾಯಿತು. ಬಂದಾಗ ಕುಂಟುತ್ತಿದ್ದರು. ಸೈಕಲ್ಲಿನಿಂದ ಬಿದ್ದೆ ಎನ್ನುತ್ತಿದ್ದರು.

ಅಷ್ಟರಲ್ಲಿ ನನ್ನ ಎಡಗಾಲಿನ ಹರಡಿನ ಬಳಿ ಗುಳ್ಳೆ ಎದ್ದಿತು.

ಮೂರು ತಿಂಗಳು ದಾಟಿದ ಕೂಸಿಗೆ ಹಾಲೂಡಿಸುತ್ತ, ಆ ಉರಿಯನ್ನು ತಡೆದುಕೊಂಡು ಕೂಡುವುದು ಹೇಗೆಂದು ಯಾರಿಗೆ ಹೇಳಲಿ? ಇನ್ಸ್‌ಪೆಕ್ಟರರು ಮನೆಗೆ ಬಂದು ಔಷಧ ಹಚ್ಚಿ, ಅರಿವೆ ಕಟ್ಟಿದರು. ಅವರ ಮುಖ ಬಾಡಿತ್ತು.

"ತಂಗೀ, ಇದು ಗ್ವಾಡಿ ಕಟ್ಟೂಕಿಂತ ಮೊದಲ ಕುಡದ ನೀರಿಂದು. ಒಳಗ ಬೆಳದ ಹೊರಗ ಬರಾಕ ಒಂದ ವರ್ಷ ತಗೋತೈತಿ. ಇದ ಕಡೀದು. ಆದ್ರ ಈಗ ಈ ಕಾಲ ಬಾವ್ಯಾಗ ಇಟ್ಟಿ ಅಂದ್ರ, ಬರೂ ವರ್ಷ ಮತ್ತ ಊರ ಮಂದಿ ಕಾಲಾಗ ಕಾಣತೈತಿ. ಅಷ್ಟೊತ್ತಿಗೆ ನಿನ್ನ ಮಗಳೂ ನೀರ ಕುಡೀತಿರತಾಳ."

ಅವರು ಹೋದ ಮೇಲೆ ಅತ್ತೆ ಒಳಗೆ ಬಂದರು. ಆಕೆಯ ಕಣ್ಣಲ್ಲಿ ನೀರಿತ್ತು. ಕೆಟ್ಟ ಹೆಂಗಸಲ್ಲ ಆಕೆ. ನನ್ನ ನರಳಾಟ ನೋಡಲಾಗದೆ ಹೇಳಿದರು: "ಸ್ವಾಮಾರ ಗ್ವಾಡಿ ಒಡ್ಯಾಕ ಮಂದಿ ನಿಕ್ಕಿ ಮಾಡ್ಯಾರ. ಒಡೆದ ಕೂಡಲೇ ನಿನ್ನ ಇಳಿಸಿ ಗಂಗಿಪೂಜಿ ಮಾಡಸ್ತೀನಿ. ಕಾಲ ಗಂಗವ್ವಗ ಕೊಡು, ಉರಿ ತಣ್ಣಗಾಗತೈತಿ."

ನಾನು ಮನೆಯವರ ಮುಖ ನೋಡಿದೆ. ಅವರು ತೊಟ್ಟಿಲು ತೂಗುತ್ತ ತಲೆ ತಗ್ಗಿಸಿದರು. ಅವ್ವನಿಗೆ ಎದುರಾಡಿ ಅವರಿಗೆ ಗೊತ್ತಿಲ್ಲ. ಸೋಮವಾರದ ತನಕ ನಾನು ಉಂಡದ್ದು ಮೈಗೆ ಹತ್ತಲಿಲ್ಲ. ಉರಿಯುವುದು ನನ್ನ ಕಾಲು, ಕಣ್ಣು ಮಾತ್ರ ತೊಟ್ಟಿಲೊಳಗಿನ ಕಾಲುಗಳ ಮೇಲೆ.

ಸೋಮವಾರ ಮುಂಜಾನೆಯೇ ಗಾಳಿ ಕಾದಿತ್ತು. ಬೇವಿನ ಮರದ ಕೆಳಗೆ ಅರ್ಧ ಊರು. ಗಂಡಸರ ಕೈಯಲ್ಲಿ ಹಾರೆ, ಸುತ್ತಿಗೆ. ಅತ್ತೆ ಒಂದು ಕೈಯಲ್ಲಿ ಪೂಜೆಯ ತಾಟು, ಇನ್ನೊಂದು ಕೈಯಲ್ಲಿ ನನ್ನ ರಟ್ಟೆ ಹಿಡಿದು ಕರೆತಂದಿದ್ದರು. ಮನೆಯವರು ಗಂಗಾಳನ್ನೆತ್ತಿಕೊಂಡು ಹಿಂದೆ ನಿಂತಿದ್ದರು. ಗೋಡೆಯ ಗಂಟು ಬಲ್ಲವರೆಂದು ಇಮಾಮಸಾಬರನ್ನೂ ಕರೆಸಿದ್ದರು. ಅವರು ಬರಿಗೈಯಲ್ಲಿ ಬಂದು ಕಟ್ಟೆಯ ಮೇಲೆ ಕೂತಿದ್ದರು.

"ನಿಮ್ಮ ಹಾರಿ ಎಲ್ರೀ?" ಎಂದ ಸಂಗಪ್ಪ.

"ಮನ್ಯಾಗ ಐತಿ. ನಾ ಕಟ್ಟೂ ಗೌಂಡಿ, ಕೆಡವೂದ ಕಲಿತಿಲ್ಲ. ಒಡೀಬೇಕಂದ್ರ ನಾ ಕುಂತ ಕಲ್ಲಿಂದನ ಶುರು ಮಾಡ್ರಿ."

"ಸರೀರಿ ಸಾಬ್ರ, ಕಾಲ ನಿಮಗ ಉರಿಯಾಕತ್ತಿಲ್ಲ, ನಮಗ ಉರಿಯಾಕತ್ತೈತಿ!"

ಅಷ್ಟರಲ್ಲಿ ಗೌಡರು ಬಂದರು, ಇನ್ಸ್‌ಪೆಕ್ಟರರ ಹೆಗಲು ಹಿಡಿದು ಕುಂಟುತ್ತ. ಯಾರೋ ಕೂಗಿದರು, "ಬಂದ ನೋಡ್ರಿ, ಒಂದ ನಾರೂ ಬರಂಗಿಲ್ಲ ಅಂದಂವ!" ಗೌಡರು ಬೇವಿನ ಬೇರಿನ ಮೇಲೆ ಕೂತು ಧೋತರ ಮೇಲೆತ್ತಿದರು, ಕಾಲಿಗೆ ಸುತ್ತಿದ್ದ ಅರಿವೆ ಬಿಚ್ಚಿದರು. ಮೀನಖಂಡದ ಮೇಲೆ ಕಡ್ಡಿ. ಕಡ್ಡಿಗೆ ಸುತ್ತಿದ ಬಿಳಿ ನಾರು.

ಹಾರೆ ಹಿಡಿದವರೂ ಬಗ್ಗಿ ನೋಡಿದರು.

"ಸೈಕಲ್ ಮ್ಯಾಲಿಂದ ಬಿದ್ದಿಲ್ಲ ನಾನು," ಎಂದರು ಗೌಡರು. ಆ ದೊಡ್ಡ ದನಿ ಅವತ್ತು ಇರಲಿಲ್ಲ. "ಒಳಗಿದ್ದದ್ದು ಈ ಬ್ಯಾಸಗಿ ಬಂದಽ ಬರತೈತಿ ಅಂತ ಈ ಸಾಹೇಬ್ರು ನನಗ ಆವತ್ತಽ ಹೇಳಿದ್ರು. ಎಲ್ಲಾರಿಗೂ ಹೇಳ್ರಿ ಅಂದ್ರು. ನಾನಽ ಅವರ ಬಾಯಿ ಮುಚ್ಚಿಸಿದೆ. ಎರಡ ವರ್ಷ ತಡೀಬೇಕಂದ್ರ ನೀವ್ಯಾರೂ ಕಲ್ಲ ಹೊರಂಗಿಲ್ಲ ಅಂತ ಅಂಜಿದೆ. ತಪ್ಪು ನಂದು. ಗ್ವಾಡೀದಲ್ಲ, ಗಂಗವ್ವಂದೂ ಅಲ್ಲ. ಬರೂ ಬ್ಯಾಸಗಿ ತನಕ ತಡೀರಿ. ಆಗೂ ನಾರ ಬಂದ್ರ ಮೊದಲ ಹಾರಿ ನಾನಽ ಹಾಕ್ತೀನಿ, ಚೇರಮನ್ನಕೀನೂ ಬಿಡ್ತೀನಿ."

"ಹೋದ ವರ್ಷಾನೂ ಇಂಥಾದ ಒಂದ ಮಾತ ಕೇಳೀವಿ," ಎಂದ ಸಂಗಪ್ಪ, ಹಾರೆ ಎತ್ತಿದ. ಯಾರೂ ಅವನನ್ನು ತಡೆಯಲಿಲ್ಲ. ಇಮಾಮಸಾಬರು ಕೂತಲ್ಲಿಂದ ಏಳಲಿಲ್ಲ.

ಅತ್ತೆ ನನ್ನ ರಟ್ಟೆಯನ್ನು ಹಿಡಿದೇ ಇದ್ದರು. ನಾನು ಆ ಕೈ ಬಿಡಿಸಿಕೊಂಡೆ. ಎಲ್ಲಿಂದ ಧೈರ್ಯ ಬಂತೋ ಶಿವನೇ ಬಲ್ಲ. ಕುಂಟುತ್ತ ಹೋಗಿ ಗಡಗಡಿಯ ಹಗ್ಗ ಹಿಡಿದು ಬಕೀಟು ಇಳಿಬಿಟ್ಟೆ. ಹೆಂಗಸರು ಒಟ್ಟಿಗೆ ಚೀರಿದರು: "ಏ ಬಾಣಂತಿ! ಗಂಗಿಪೂಜಿ ಆಗಿಲ್ಲ!" ಗಡಗಡಿ ಗೊರಗೊರ ಎಂದು ಬಕೀಟು ಮೇಲೆ ಬಂತು. ಅದನ್ನು ಹೊತ್ತು ಕಟ್ಟೆಯ ಇಳಿಜಾರಿಗೆ ಬಂದು, ಅರಿವೆ ಬಿಚ್ಚಿ, ನನ್ನ ಉರಿಯುವ ಕಾಲ ಮೇಲೆ ನಿಧಾನಕ್ಕೆ ಸುರಿದುಕೊಂಡೆ. ಜೀವ ಬಂದ ಹಾಗಾಯಿತು. ನೀರು ನನ್ನ ಪಾದ ತೊಳೆದು, ಇಮಾಮಸಾಬರು ಕೊರೆದ ಕಾಲುವೆ ಹಿಡಿದು, ಬೇವಿನ ಬುಡಕ್ಕೆ ಹೋಯಿತು. ಬಾವಿಯ ಕಡೆ ಒಂದು ಹನಿಯೂ ತಿರುಗಲಿಲ್ಲ.

"ಅತ್ತೀ," ಎಂದೆ. ನನ್ನ ದನಿ ನನಗೇ ಬೇರೆಯವರದೆನಿಸಿತು. "ನಾವ ಇಳದ ಹೋಗೂದ ಯಾಕ್ರಿ? ಗಂಗವ್ವ ತಾನಽ ಮ್ಯಾಲ ಬಂದಾಳ. ಬಂದಾಕಿಗೆ ಕುಂಕಮಾ ಹಚ್ಚಂಗಿಲ್ಲೇನು? ನನ್ನ ಕಾಲಿನ ಉರಿ ಆಕಿ ತಗೊಂಡ್ಳು, ನನ್ನ ಮಗಳಿಗೆ ಕೊಡಲಿಲ್ಲ."

ಬೇವಿನ ಎಲೆಯೊಂದು ಅತ್ತೆಯ ತಾಟಿನ ಮೇಲೆ ಬಿದ್ದದ್ದು ನನಗೆ ಇನ್ನೂ ಕಾಣುತ್ತದೆ. ಆಕೆ ನನ್ನ ಕಾಲು ನೋಡಿದರು, ಕಾಲುವೆಯಲ್ಲಿ ಹರಿಯುವ ನೀರು ನೋಡಿದರು, ಆಮೇಲೆ ಮಗನ ತೋಳಿನಲ್ಲಿದ್ದ ಗಂಗಾಳನ್ನು ನೋಡಿದರು. ಮುಂದೆ ಬಂದು, ಹಾರೆ ಎತ್ತಿದ್ದ ಸಂಗಪ್ಪನ ಎದುರು ನಿಂತರು.

"ಸರಿಯೋ ಲೇ ಸಂಗ್ಯಾ. ಪೂಜಿ ಮಾಡೂ ಜಾಗಾದಾಗ ಕಬ್ಬಣಾ ಹಿಡಕೊಂಡ ನಿಂತೀಯಲ್ಲ, ನಾಚಿಕಿ ಬರಂಗಿಲ್ಲ?"

ಗಡಗಡಿಗೆ ಅರಿಸಿನ ಕುಂಕುಮ ಹಚ್ಚಿದರು, ಹಗ್ಗಕ್ಕೆ ಹೂ ಸುತ್ತಿದರು, ಬಕೀಟಿನ ನೀರಿಗೆ ಅಕ್ಷತೆ ಹಾಕಿದರು. ಹೆಂಗಸರು ಒಬ್ಬೊಬ್ಬರಾಗಿ ಬಂದು ಹಾಡು ಎತ್ತಿಕೊಂಡರು. ಸಂಗಪ್ಪ ಹಾರೆಯನ್ನು ಬೇವಿನ ಮರಕ್ಕೆ ಆನಿಸಿ, ಒಂದು ಬಕೀಟು ಸೇದಿಸಿಕೊಂಡು ಇಳಿಜಾರಿನಲ್ಲಿ ಕೂತು ಕಾಲಿಗೆ ಸುರಿದುಕೊಂಡ. "ಹಾ, ಹಾ," ಎಂದು ಕಣ್ಣು ಮುಚ್ಚಿದ.

ಇಮಾಮಸಾಬರು ಎದ್ದು ಧೂಳು ಝಾಡಿಸಿಕೊಂಡರು. "ಗ್ವಾಡಿ ಗಟ್ಟಿ ಐತ್ರಿ ಗೌಡ್ರ," ಎಂದರು.

ಗೋಡೆ ಉಳಿಯಿತು. ಆದರೆ ಮಾತಿನ ಗಡುವು ಇನ್ನೂ ತಲೆಯ ಮೇಲೆಯೇ ಇತ್ತು. ಮಳೆ ಬಂತು, ಬಿತ್ತಿಗೆಯಾಯಿತು, ಸುಗ್ಗಿಯಾಯಿತು, ನನ್ನ ಕಾಲಿನ ಗಾಯ ಕಲೆಯಾಯಿತು. ಗಂಗಾ ನಡೆಯಲು ಕಲಿತಳು. ಮುಂದಿನ ಯುಗಾದಿ ಬಂದಾಗ ಊರಿನಲ್ಲಿ ಒಬ್ಬರಿಗೊಬ್ಬರು ಮೊದಲು ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದರು. ಚೈತ್ರ ಮುಗಿಯಿತು, ಯಾರಿಗೂ ಇಲ್ಲ. ಬಸವ ಜಯಂತಿಯಾಯಿತು, ಇಲ್ಲ. ಗೌಡರ ಮೀಸೆ ಸ್ವಲ್ಪ ಸ್ವಲ್ಪ ಮೇಲೇಳತೊಡಗಿತು.

ಆಗ ಒಂದು ಮುಂಜಾನೆ ಗಂಗಾ ಅಂಗಳದಲ್ಲಿ ಕುಂಟಿದಳು.

ಎತ್ತಿಕೊಂಡು ಅಂಗಾಲು ತಿರುವಿದೆ. ಹಿಮ್ಮಡಿಯ ಬಳಿ ಗುಳ್ಳೆ, ಸುತ್ತ ಕೆಂಪು. ಅತ್ತೆ ನೋಡಿ ಗೋಡೆಗೆ ಒರಗಿ ಕುಸಿದರು. "ನಾನಽ ಕುಂಕಮಾ ಹಚ್ಚಿದೆ," ಎಂದು ಗೊಣಗಿದರು. "ನಾನಽ ಹಚ್ಚಿದೆ." ಸುದ್ದಿ ನಮಗಿಂತ ಮೊದಲೇ ಓಣಿ ದಾಟಿತ್ತು. ಸಂಗಪ್ಪ ಬಂದ, ಗೌಡರು ಬಂದರು, ಮಾಸ್ತರರು ಸಾಲಿ ಬಿಟ್ಟು ಬಂದರು. ಮನೆಯವರು ಟಿಕೋಟಾಕ್ಕೆ ಓಡಿ ಇನ್ಸ್‌ಪೆಕ್ಟರರನ್ನು ಕರೆತರುವ ತನಕ ಅಂಗಳ ಬಿಟ್ಟು ಯಾರೂ ಕದಲಲಿಲ್ಲ. ಗೌಡರು ನನ್ನ ಕಡೆ ನೋಡಲೂ ಇಲ್ಲ. ಆ ಗುಲಾಬಿ ಪಾದದ ಮೇಲೆ ಊರಿನ ಗೋಡೆ, ಗೌಡರ ಮಾತು, ಅತ್ತೆಯ ಪೂಜೆ, ನನ್ನ ಜೀವ ಎಲ್ಲ ನಿಂತಿತ್ತು.

ಇನ್ಸ್‌ಪೆಕ್ಟರರು ಬೆವರು ಒರೆಸಿಕೊಂಡು ಕೂತರು. ಗಂಗಾಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಬಿಸಿನೀರಿನಲ್ಲಿ ತೊಳೆದರು. ಸೂಜಿಯನ್ನು ದೀಪದ ಉರಿಗೆ ಹಿಡಿದು, ಗುಳ್ಳೆಯ ತುದಿಗೆ ಮುಟ್ಟಿಸಿದರು. ಕೂಸು ಕಿರುಚಿತು. ನಾನು ಕಣ್ಣು ಮುಚ್ಚಿದೆ. ಬಿಳಿ ದಾರ, ಬಿಳಿ ದಾರ ಎಂದು ಮನಸ್ಸು ಹೊಡೆದುಕೊಳ್ಳುತ್ತಿತ್ತು.

"ಕಣ್ಣ ತಗೀ ತಂಗೀ," ಎಂದರು ಅವರು.

ಅವರ ಬೆರಳ ತುದಿಯಲ್ಲಿ ಇದ್ದದ್ದು ಜಾಲಿಮುಳ್ಳು. ಮುರಿದ, ಕರಿ ತುದಿಯ, ಪುಟ್ಟ ಜಾಲಿಮುಳ್ಳು!

ಮೊದಲು ನಕ್ಕವನು ಸಂಗಪ್ಪ. "ಮುಳ್ಳಲೇ! ಮುಳ್ಳ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದ. ಗೌಡರು ಆ ಮುಳ್ಳನ್ನು ಅಂಗೈಯಲ್ಲಿ ಇಸಿದುಕೊಂಡು ನಮ್ಮ ಅಂಗಳದ ಮಣ್ಣಿನಲ್ಲೇ ಕೂತುಬಿಟ್ಟರು. ಆ ದೊಡ್ಡ ಮೀಸೆಯ ಮನುಷ್ಯ ಟವೆಲಿನಿಂದ ಮುಖ ಮುಚ್ಚಿಕೊಂಡದ್ದನ್ನು ಎಲ್ಲರೂ ನೋಡಿಯೂ ನೋಡದವರಂತೆ ನಿಂತರು. ಅತ್ತೆ ಎದ್ದು ಹೋಗಿ ಬೆಲ್ಲ ತಂದು ಬಂದವರ ಕೈಗೆಲ್ಲ ಹಾಕಿದರು. ಮುಳ್ಳು ಚುಚ್ಚಿದ್ದಕ್ಕೆ ಊರಿಗೆ ಬೆಲ್ಲ ಹಂಚಿದ್ದು ಬಹುಶಃ ನಮ್ಮ ಮನೆಯೊಂದೇ. ಬೇಸಿಗೆ ಮುಗಿದು ಕಾರಹುಣ್ಣಿಮೆ ಬಂತು, ಎತ್ತುಗಳು ಕರಿ ಹರಿದವು. ಆ ಬೇಸಿಗೆ ನಮ್ಮೂರಿನಲ್ಲಿ ಯಾರ ಕಾಲಿಗೂ ಕಡ್ಡಿ ಕಟ್ಟಲಿಲ್ಲ.

ಇದನ್ನೆಲ್ಲ ನಾನು ಹೇಳಿ ಮುಗಿಸುವಷ್ಟರಲ್ಲಿ ಅಶ್ವಿನಿಯ ಕೈಯಲ್ಲಿನ ಇಂಗಿನ ಉಂಡೆ ಕರಗಿ ಅಂಟಾಗಿತ್ತು. ಗಂಗಾ ತನ್ನ ಹಿಮ್ಮಡಿಯನ್ನು ಹೊಸದಾಗಿ ಕಂಡವಳಂತೆ ಮುಟ್ಟಿ ನೋಡಿಕೊಳ್ಳುತ್ತಿದ್ದಳು. "ತೋರ್ಸ ಆಯಿ, ನಿನ್ನ ಕಾಲ ತೋರ್ಸ," ಎಂದು ಅಶ್ವಿನಿ ನನ್ನ ಸೀರೆಯ ಅಂಚು ಸರಿಸಿ, ಹರಡಿನ ಮೇಲಿನ ಆ ಹಳೇ ಕಲೆಯನ್ನು ಡಾಕ್ಟರ ಬೆರಳಿನಿಂದ ಒತ್ತಿ ಒತ್ತಿ ನೋಡಿದಳು.

"ನಾ ಇದನ್ನ ಒಮ್ಮೆಯೂ ನೋಡಿಲ್ಲ ಆಯಿ. ಪುಸ್ತಕದಾಗ ಒಂದ ಚಿತ್ರ ಇತ್ತ ಅಷ್ಟ. ಇದ ಪರೀಕ್ಷಾದಾಗ ಬರಂಗಿಲ್ಲ, ಬಿಟ್ಟ ಮುಂದ ಹೋಗ್ರಿ ಅಂದಿದ್ರ ನಮ್ಮ ಸರ್."

ಬಿಟ್ಟು ಮುಂದೆ ಹೋಗಿರಿ! ಒಂದು ಊರನ್ನು ಹೊರಸಿಗೆ ಕಟ್ಟಿ ಹಾಕಿದ್ದ ರೋಗ, ನನ್ನ ಮೊಮ್ಮಗಳು ಓದದೆಯೂ ಡಾಕ್ಟರಾಗಬಹುದಾದ ಪಾಠವಾಗಿದೆ. ಇದಕ್ಕಿಂತ ಸಿಹಿ ಮಾತನ್ನು ನಾನು ಈ ಜನ್ಮದಲ್ಲಿ ಕೇಳಿಲ್ಲ. ಹೋಗಿ ಆ ಸರ್ ಬಾಯಿಗೂ ಸಕ್ಕರೆ ಹಾಕಿ ಬರಬೇಕು.

ನಾಳೆ ಈ ಮನೆಯಲ್ಲಿ ಗಂಗಿಪೂಜೆ. ಬಾವಿ ಎಲ್ಲಿಯದು ಇಲ್ಲಿ? ಹಿತ್ತಲ ನಳಕ್ಕೇ ಮಾಡುತ್ತೇವೆ. ಅಶ್ವಿನಿ ನಗುತ್ತಾಳೆ, ನಗಲಿ. ಕುಂಕುಮ ಹಚ್ಚುವವಳು ನಾನು. ಅಷ್ಟರೊಳಗೆ ಕೂಸಿಗೆ ಎಣ್ಣೆ ಹಚ್ಚಬೇಕು. ನಾನು ಅಂಗಾಲುಗಳಿಂದಲೇ ಶುರು ಮಾಡುವುದು.